ಅಡಗಿದ ಹಡಗು

“ಇನ್ನೊಂದ್ ಗೇಣು ಮೇಲಕ್ಕೆತ್ರೋ, ಗೋಪುರ ಮಡಚ್ಕೊಂಡೈತೆ” ಎಂದು ನಂದೀಶ್ ಏಣಿಯ ಮೇಲಿದ್ದವರಿಗೆ ಹೇಳುತ್ತಿದ್ದಾಗ ಮುನಿಶಾಮಿ ಜೀಪಿನಿಂದ ಇಳಿದ. ಇಳಿದವನು ನಿಂತಲ್ಲೇ ನಿಂತುಬಿಟ್ಟ. ಸತ್ತವನ ಮನೆಯ ಮುಂದೆ, ಎರಡು ಗಳುಗಳ ನಡುವೆ, ಮೈಸೂರು ಅರಮನೆ ಮೇಲೇಳುತ್ತಿತ್ತು. ದಸರೆಯ ದೀಪವೆಲ್ಲ ಹೊತ್ತಿಕೊಂಡ ಅರಮನೆ. ಅದರ ಮುಂದೆ, ಅದಕ್ಕಿಂತ ಎತ್ತರವಾಗಿ, ಆಂಜಿನಪ್ಪ. ಅಂಗೈಯಗಲದ ಫೋಟೋವನ್ನು ಹಿಗ್ಗಿಸಿದ್ದರಿಂದ ಮುಖ ಊದಿಕೊಂಡು, ಯಾರೋ ಆಗಷ್ಟೇ ಬೈದು ಹೋದಂತಿತ್ತು. ಕೆಳಗೆ ಕೆಂಪು ಅಕ್ಷರ: ‘ಮೈಸೂರು ಆಂಜಿನಪ್ಪನವರಿಗೆ ಭಾವಪೂರ್ಣ ಶ್ರದ್ಧಾಂಜಲಿ. ಅರಮನೆಯ ದೀಪ ಆರಿತು.’

ಲಕ್ಕೂರಿನಿಂದ ಬೆಳಗ್ಗೆ ಹೊರಟು, ಬಸ್ಸು ಬದಲಿಸಿ ಬದಲಿಸಿ, ಯಲ್ದೂರಿನ ಆಚೆಯ ಈ ಊರಿಗೆ ಬರುವವರೆಗೂ ಮುನಿಶಾಮಿ ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದ. ಹೆಣ ಎತ್ತುವುದರೊಳಗೆ ಹೇಳಿಬಿಡಬೇಕು. ಆಂಜಿನಪ್ಪ ಜನ್ಮದಲ್ಲಿ ಮೈಸೂರು ಪಟ್ಟಣಕ್ಕೆ ಕಾಲಿಟ್ಟವನಲ್ಲ; ಅವನಿದ್ದ ಮೈಸೂರು ಒಂದು ಯುದ್ಧದ ಹಡಗು, ಕ್ರೂಸರ್; ಎಪ್ಪತ್ತೊಂದರ ಲಡಾಯಿಯಲ್ಲಿ ಅದರ ಹೊಟ್ಟೆಯೊಳಗೆ ನಿಂತು ಬಾಯ್ಲರಿನ ಬೆಂಕಿ ಕಾದವನು ಅವನು. ಇಷ್ಟು ಹೇಳಿ ಮಣ್ಣು ಮಾಡಿದರೆ ಸಾಕು. ಆ ಹಡಗಿನಲ್ಲಿದ್ದ ಕೋಲಾರ ಸೀಮೆಯ ನಾಲ್ವರಲ್ಲಿ ಹುತ್ತೂರಿನ ಸೊಣ್ಣಪ್ಪ ಹೋದ, ಮುಳಬಾಗಿಲಿನ ಕದಿರೇಶ ಹೋದ, ಈಗ ಇವನು. ಉಳಿದದ್ದು ತಾನೊಬ್ಬ. ನಾಳೆ ತನ್ನ ಬಾಯಿಗೂ ಅಕ್ಕಿ ಬಿದ್ದರೆ ಹೇಳಲು ಬಾಯೇ ಇರುವುದಿಲ್ಲ.

“ಹೆಂಗೈತೆ ತಾತ?” ಎಂದು ನಂದೀಶ್ ಪಕ್ಕಕ್ಕೆ ಬಂದ. ಅವನು ಆಂಜಿನಪ್ಪನ ಮೊಮ್ಮಗ. “ಶ್ರೀನಿವಾಸಪುರದಲ್ಲಿ ಫ್ಲೆಕ್ಸ್ ಅಂಗ್ಡಿಯೋನ್ನ ನಿದ್ದೆಯಿಂದ ಎಬ್ಬಿಸಿ ಮಾಡ್ಸಿದ್ದು. ಆನೇನೂ ಹಾಕ್ಲಾ ಅಂದ. ಸಾವಿಗೆ ಆನೆ ಯಾಕೆ, ಬ್ಯಾಡ ಅಂದೆ.”

“ಒಳ್ಳೇದ್ ಮಾಡ್ದೆ” ಎಂದ ಮುನಿಶಾಮಿ. ಆಮೇಲೆ ದನಿ ತಗ್ಗಿಸಿದ. “ನಂದೀಶ, ನಿಮ್ ತಾತ ಅರಮನೇಲಿ ಇರ್ಲಿಲ್ಲ ಕಣಪ್ಪ. ಕ್ರೂಸರ್‌ನಲ್ಲಿದ್ದ.”

ನಂದೀಶ್ ಕಣ್ಣು ಕಿರಿದು ಮಾಡಿದ. “ಕ್ರೂಸರ್ ಓಡಿಸ್ತಿದ್ರಾ? ಮೈಸೂರು ಲೈನಾ?”

“ಗಾಡಿ ಅಲ್ಲ ಕಣೋ.”

“ಕ್ಲೀನರ್ರಾ?” ನಂದೀಶ್ ಆಚೀಚೆ ನೋಡಿ ಮುನಿಶಾಮಿಯ ತೋಳು ಹಿಡಿದ. “ಇರ್ಲಿ ಬಿಡಿ ತಾತ. ಮದ್ಲು ಎಲ್ರೂ ಅಂಗೇ ಶುರು ಮಾಡೋದು. ಇವತ್ತು ಅದ್ನೆಲ್ಲ ಯಾಕೆ ಎತ್ತೋದು.”

ಈ ಸೀಮೆಯ ರಸ್ತೆಗಳಲ್ಲಿ ಜನರನ್ನು ಒಳಗೂ ಹೊರಗೂ ತುಂಬಿಕೊಂಡು ಓಡುವ ಜೀಪಿಗೆ ಕ್ರೂಸರ್ ಅನ್ನುತ್ತಾರೆಂಬುದು ಮುನಿಶಾಮಿಗೆ ಆಗ ನೆನಪಾಯಿತು. ಕೊನೆಯ ಹತ್ತು ಮೈಲಿ ತಾನೂ ಅದರ ಹಿಂಬಾಗಿಲಿಗೆ ನೇತುಬಿದ್ದೇ ಬಂದಿದ್ದ.

ಶಾಮಿಯಾನದ ಕೆಳಗೆ ಆಂಜಿನಪ್ಪನನ್ನು ಮಲಗಿಸಿದ್ದರು. ತಲೆಯ ಹತ್ತಿರ ಹೆಂಡತಿ ಬೈರಮ್ಮ ಗೋಡೆಗೊರಗಿ ಕುಳಿತಿದ್ದಳು, ಅಳುತ್ತಿರಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ಪಕ್ಕದ ಮನೆಯ ದೊಡ್ಡಗಂಗಮ್ಮ ಅಳುತ್ತಿದ್ದಳು.

“ಲಕ್ಷ ಬಲ್ಬು ಅಚ್ಚಿದ್ ಕೈಯೇ, ಮನೆ ದೀಪ ಆರಿಸ್ಬುಟ್ಟು ಓದ್ಯಾ” ಎಂದು ರಾಗವಾಗಿ ಎತ್ತಿಕೊಂಡವಳು ಮುನಿಶಾಮಿಯನ್ನು ಕಂಡು ರಾಗ ಬಿಟ್ಟು ಮಾತಿಗಿಳಿದಳು. “ಬನ್ನಿ ಅಣ್ಣ, ಅರಮನೆಯೋರು ನೀವೊಬ್ರೇ ಬಂದಿದ್ದು. ಶಿವರಾತ್ರಿಗೆ ಗುಡಿಗೆ ಸೀರಿಯಲ್ ಸೆಟ್ ಕಟ್ಟೋಕೆ ಏಣಿ ಅತ್ತಿದ್ದೇ ಕೊನೆ. ಅರಮನೇನೇ ಅತ್ತಿದೋನಿಗೆ ಇದೇನ್ ಮಹಾ ಅಂದ್ಬುಟ್ರು ಎಲ್ರೂ. ಬಿದ್ದು ಸೊಂಟ ಮುರೀತು. ಮಲಗಿದೋನು ಏಳ್ಲಿಲ್ಲ.”

ಮುನಿಶಾಮಿ ಸತ್ತವನ ಕೈ ನೋಡಿದ. ಬೆಂಕಿ ಕಾಯುವುದು ಬಿಟ್ಟರೆ ಆ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಊರಿನವರು ಅರಮನೆಯವನೆಂದು ಬಲ್ಬು ಕೊಟ್ಟು ಏಣಿ ಹತ್ತಿಸಿದರು. ಅವನು ಶಾಕ್ ಹೊಡೆಸಿಕೊಂಡು, ಹೊಡೆಸಿಕೊಂಡು, ಕಲಿತ.

*

ಆಗ ಈ ನಾಡಿಗಿನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ. ಮೈಸೂರು ರಾಜ್ಯದ ನಾಲ್ವರು ಹುಡುಗರು ಮುಂಬಯಿಯಲ್ಲಿ ಮೈಸೂರು ಎಂಬ ಹಡಗು ಹತ್ತಿದಾಗ, ಅವರಲ್ಲಿ ಒಬ್ಬನೂ ಮೈಸೂರು ಊರನ್ನು ನೋಡಿದವನಿರಲಿಲ್ಲ. ಕೆರೆಗಿಂತ ದೊಡ್ಡ ನೀರನ್ನೂ ನೋಡಿರಲಿಲ್ಲ. ಸಮುದ್ರ ಕಂಡ ಸೊಣ್ಣಪ್ಪ, “ಇದಕ್ಕೆ ಕಟ್ಟೆ ಎಲ್ಲಿ ಹಾಕವ್ರೆ?” ಎಂದು ಕೇಳಿದ್ದ.

ಅವರನ್ನು ಕೆಳಕ್ಕೆ, ಬಾಯ್ಲರಿನ ಕೋಣೆಗೆ ಕಳಿಸಿದರು. ಯುದ್ಧ ಬಂದಾಗ ತಲೆಯ ಮೇಲಿನ ಕಬ್ಬಿಣದ ಮುಚ್ಚಳ ಬಿಗಿಯಿತು. ಮೇಲೆ ರಾತ್ರಿಯೋ ಹಗಲೋ, ಬಂದ ಸದ್ದು ನಮ್ಮದೋ ಅವರದೋ, ಒಂದೂ ತಿಳಿಯದು. ಉಗಿ, ಎಣ್ಣೆ, ಒತ್ತಡದ ಮಾಪಕದಲ್ಲಿ ನಡುಗುವ ಮುಳ್ಳು, ಬಾಯಿಗೆ ಉಪ್ಪಿನ ಮಾತ್ರೆ. ಯುದ್ಧ ಮಾಡಿದವರಿಗೆ ಯುದ್ಧವೇ ಕಾಣಲಿಲ್ಲ. ಕದಿರೇಶ ಮೂಲೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಮುನಿಶಾಮಿ ಮೇಲಧಿಕಾರಿಗಳ ದನಿ ತೆಗೆದು, ಮಾತು ಬರುವ ಕೊಳವೆಗೆ ಬಾಯಿಟ್ಟು ಪಕ್ಕದ ಕೋಣೆಗೆ, “ನಾಲ್ಕು ಟೀ, ಒಂದಕ್ಕೆ ಸಕ್ಕರೆ ಬೇಡ” ಎಂದು ಹಿಂದಿಯಲ್ಲಿ ಆಜ್ಞೆ ಕೊಟ್ಟು ನಗಿಸುತ್ತಿದ್ದ. ಆ ಬೆಂಕಿಯ ಬಿಲದಲ್ಲಿ ಅವನಿಗೆ ಗೊತ್ತಿದ್ದ ಧೈರ್ಯ ಅದೊಂದೇ.

ಒಂದು ದಿನ ಅದೇ ಕೊಳವೆಯಲ್ಲಿ, ನಮ್ಮ ಪಡೆಯ ಇನ್ನೊಂದು ಹಡಗು ಮುಳುಗಿತೆಂದು ಸುದ್ದಿ ಬಂತು. ಆಂಜಿನಪ್ಪ ಮುಳ್ಳಿನಿಂದ ಕಣ್ಣು ತೆಗೆಯದೆ, “ಕೆಳಗಿದ್ದೋರಿಗೂ ಇಂಗೇ ಮುಚ್ಚಳ ಆಕಿದ್ರೇನೋ” ಎಂದ. ಅಷ್ಟೇ. ಆ ಮಾತಿಗೆ ಮುನಿಶಾಮಿಯ ಹತ್ತಿರ ಯಾವ ದನಿಯೂ ಇರಲಿಲ್ಲ.

ರಜೆಗೆ ಊರಿಗೆ ಬಂದಾಗ ಆಂಜಿನಪ್ಪನ ತಾಯಿ, “ಎಲ್ಲಿದ್ಯಪ್ಪ?” ಎಂದಳು. ಅವಳ ತಮ್ಮ ಕೆರೆಯಲ್ಲಿ ಮುಳುಗಿ ಸತ್ತವನು; ಬಿಂದಿಗೆಯ ನೀರು ತುಳುಕಿದರೂ ಬೆಚ್ಚುವವಳು. “ಮೈಸೂರಲ್ಲಿದ್ದೀನವ್ವ” ಎಂದ ಆಂಜಿನಪ್ಪ. ಸುಳ್ಳೇನೂ ಅಲ್ಲ.

*

ಬಾಯಕ್ಕಿ ಹಾಕುವವರ ಸಾಲು ಕರಗಿದ ಮೇಲೆ ಮುನಿಶಾಮಿ ಆಂಜಿನಪ್ಪನ ಮಗ ವೆಂಕಟನನ್ನು ಹಿಡಿದ. ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದ ವೆಂಕಟನಿಗೆ ಕಾಗದದಲ್ಲಿ ಸುತ್ತಿ ತಂದಿದ್ದ ಬಿಳಿ ಟೋಪಿ ಬಿಚ್ಚಿ ತೋರಿಸಿದ. ಅದು ಮುನಿಶಾಮಿಯದೇ, ಆಂಜಿನಪ್ಪನದು ಎಂದೋ ಬಾವಿಯ ಪಾಲಾಗಿತ್ತು.

“ಇದನ್ನ ನಿಮ್ಮಪ್ಪನ ಎದೆ ಮೇಲಿಡು ವೆಂಕಟ. ಅವನು ಬಾಯ್ಲರ್‌ನಲ್ಲಿದ್ದ. ನಾನೂ ಅಲ್ಲೇ ಇದ್ದೆ.”

ವೆಂಕಟನ ಮುಖ ಕಿವುಚಿಕೊಂಡಿತು. “ಬಾಯ್ಲರ್ ಕೋಳೀನಾ? ನಮ್ಮಪ್ಪನಾ?”

“ಕೋಳಿ ಅಲ್ಲಪ್ಪ, ಹಡಗು. ಸಮುದ್ರ.”

“ಮಾವ, ನೀವು ತಮಾಷೆ ಮಾಡೋರು ಅಂತ ಊರಿಗೇ ಗೊತ್ತು. ಇವತ್ತೊಂದಿನ ಸುಮ್ನಿರಿ.” ಹಾಗೆಂದರೂ ಟೋಪಿ ತೆಗೆದುಕೊಂಡು ತಿರುಗಿಸಿದ. ಅಂಚಿನ ಕಪ್ಪು ಪಟ್ಟಿಯಲ್ಲಿ ಜರಿಯ ಅಕ್ಷರಗಳಿದ್ದವು. ಮೊದಲಿನವು ಕಿತ್ತುಹೋಗಿ ಕೊನೆಯ ಪದವಷ್ಟೇ ಉಳಿದಿತ್ತು. ಅಷ್ಟರಲ್ಲಿ ನಂದೀಶ್ ಬಗ್ಗಿ ಓದಿದ. “ಮೈಸೂರು. ನೋಡಪ್ಪ, ಮೈಸೂರು ಅಂತ್ಲೇ ಬರ್ದೈತೆ. ಅರಮನೆ ಬ್ಯಾಂಡ್‌ನೋರ ಟೋಪಿ ಇದು.”

ಟೋಪಿ ಕೈಯಿಂದ ಕೈಗೆ ಹೋಯಿತು. ಇಷ್ಟು ವರ್ಷ ಅರಮನೆಯ ಕತೆಯನ್ನು ಅರ್ಧ ನಂಬಿದ್ದ ಒಬ್ಬಿಬ್ಬರು ಮುದುಕರು ಪಟ್ಟಿ ಸವರಿ ನೋಡಿ ತಲೆದೂಗಿದರು. ಇನ್ನು ಅನುಮಾನವಿರಲಿಲ್ಲ. ವೆಂಕಟ ಕಣ್ಣೊರೆಸಿಕೊಂಡು ಅದನ್ನು ಅಪ್ಪನ ಎದೆಯ ಮೇಲಿಟ್ಟ.

ಸಾಕ್ಷಿಯೇ ಎದುರು ಪಾರ್ಟಿ ಸೇರಿದ ಮೇಲೆ ಮುನಿಶಾಮಿ ಹೊರಗಿನ ಬೆಂಚಿಗೆ ಬಂದ. ಅಲ್ಲಿ ಪಂಚಾಯಿತಿಯ ಮಾಜಿ ಅಧ್ಯಕ್ಷ ಚನ್ನರಾಯಪ್ಪ ನಾಲ್ಕು ಮಾತು ಆಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಓದಿದವನು; ಪುಸ್ತಕದ ಕನ್ನಡದಲ್ಲಿ ಹೇಳಿದರೆ ತಿಳಿದೀತು ಎಂದುಕೊಂಡು ಮುನಿಶಾಮಿ ಅವನ ಕಿವಿಗೆ ಬಾಗಿದ. “ಅಧ್ಯಕ್ಷರೇ, ಆಂಜಿನಪ್ಪ ನೌಕೆಯಲ್ಲಿದ್ದವನು.”

“ನೌಕ್ರೀಲಿದ್ದವ್ರು, ಗೊತ್ತು ಸಾರ್. ಅರಮನೆ ನೌಕ್ರಿ ಅಂದ್ರೆ ಸುಮ್ನೇನಾ? ಅದ್ನೇ ಎತ್ಕೊಂಡು ಮಾತಾಡೋಣ ಅಂತಿದ್ದೀನಿ.”

*

ಹಡಗು ಬಿಟ್ಟು ಬಂದ ವರ್ಷವೇ ಆಂಜಿನಪ್ಪನಿಗೆ ಹೆಣ್ಣು ನೋಡಲು ಹೋಗಿದ್ದರು. ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ, ಮನೆಮಾತು ತೆಲುಗು. ಬೈರಮ್ಮನ ಅಪ್ಪ ಚಾಪೆ ಹಾಸಿ ಕೂರಿಸಿ, “ಅಬ್ಬಾಯಿ ಏಂ ಪನಿ ಚೇಸ್ತಾಡು?” ಎಂದು ಹುಡುಗನ ಕೆಲಸ ವಿಚಾರಿಸಿದ.

“ಮೈಸೂರಲ್ಲಿದ್ದ” ಎಂದಳು ತಾಯಿ, ತಾನು ನಂಬಿದ್ದನ್ನೇ.

“ಮೈಸೂರಲ್ಲಿ ಎಲ್ಲಿ?”

ಆಂಜಿನಪ್ಪ ಬಾಯಿ ತೆರೆದಿದ್ದ. ನಿಜ ಹೇಳುವವನೇ ಇದ್ದ. ಆದರೆ ಜೊತೆಗೆ ಹೋಗಿದ್ದ ಮುನಿಶಾಮಿಯ ನಾಲಿಗೆ ಅವನಿಗಿಂತ ಮುಂದೆ ಓಡಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲಿಗೆ ತುಪ್ಪ ಸವರಿದಂಥ ದಿವಾನರ ದನಿ ತೆಗೆದು, “ಅರಮನೆಯಲ್ಲಿ, ಯಜಮಾನರೇ. ದಸರೆಗೆ ದೀಪವೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವಲ್ಲ, ಆ ಗುಂಡಿ ಒತ್ತುವವನು ಇವನೇ. ಇವನಿಗೆ ಸೀನು ಬಂದರೆ ಮೈಸೂರಿಗೆ ಕತ್ತಲೆ” ಎಂದ.

ಕಾಫಿ ಬರಬೇಕಾದಲ್ಲಿ ಪಾಯಸ ಬಂತು.

“ಏನ್ಲಾ ಮಾಡ್ದೆ” ಎಂದ ಆಂಜಿನಪ್ಪ, ದಾರಿಯಲ್ಲಿ.

“ಮದ್ವೆ ಆಗ್ಲಿ ಕಣೋ. ವಾರದೊಳಗೆ ಹೇಳ್ಬಿಡೋಣ.”

ಲಗ್ನಪತ್ರಿಕೆಯಲ್ಲೇ ‘ಅರಮನೆ ನೌಕರ’ ಎಂದು ಅಚ್ಚಾಯಿತು. ವಾರ ಕಳೆಯಿತು. ಬೈರಮ್ಮ ಬಸುರಿಯಾದಳು, ಬಸುರಿಯ ಹತ್ತಿರ ಇದೆಲ್ಲ ಯಾಕೆ ಎಂದಾಯಿತು. ಮಗ ಹುಟ್ಟಿದ; ಮಾವ ಬೀಗುತ್ತ ಬಂದ. ಮಾವ ಸಾಯಲಿ ಎಂದು ಕಾದರು. ಅವನು ಸಾಯುವ ಹೊತ್ತಿಗೆ ‘ಅರಮನೆಯೋರು’ ಎಂಬುದು ಮನೆತನದ ಹೆಸರಾಗಿತ್ತು. ಒಂದೇ ಒಂದು ಸಲ, ಟೀ ಅಂಗಡಿಯಲ್ಲಿ, ಆಂಜಿನಪ್ಪ ತಡೆಯಲಾರದೆ ಬಾಯಿಬಿಟ್ಟನಂತೆ. “ನಾನು ಅಡಗಲ್ಲಿದ್ದೆ ಕಣ್ರೋ” ಅಂದನಂತೆ. ಈ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಕೇಳಿದವರು ಗಾಬರಿಯಾಗಿ, “ಯಾಕ್ ಅಡಗಿದ್ದೆ? ಪೊಲೀಸ್ ಕೇಸಾ?” ಅಂದರಂತೆ. ಹ ಹಾರಿಹೋದ ಮೇಲೆ ಹಡಗು ಅಡಗಿಯೇ ಹೋಯಿತು.

ಇದನ್ನು ಮುನಿಶಾಮಿಗೆ ಹೇಳಿದಾಗ ಆಂಜಿನಪ್ಪ ಕೋಪ ಮಾಡಿಕೊಳ್ಳಲಿಲ್ಲ. “ನಿಂದೂ ಒಂದ್ ಬಾಯಿ” ಎಂದ, ಅಷ್ಟೆ.

*

“ತೋಟದಲ್ಲಿ ಗುಂಡಿ ರೆಡಿ” ಎಂದು ಯಾರೋ ಬಂದು ಹೇಳಿದರು. ಅಂದು ಬಾಯಲ್ಲಿ ಒತ್ತಿದ ಗುಂಡಿ ಇಂದು ಮಾವಿನ ಮರದ ಬುಡದಲ್ಲಿ ಬಾಯಿ ತೆರೆದಿತ್ತು. ಮುನಿಶಾಮಿ ಏಳುವಷ್ಟರಲ್ಲಿ ಬೈರಮ್ಮನೇ ಹಿತ್ತಲ ಬಾಗಿಲಿಂದ ಕೈಮಾಡಿ ಕರೆದಳು. ಹೂವು ಮುಡಿಸಲು ಕರೆತಂದಿದ್ದ ಹೆಂಗಸರನ್ನು ನೀರಿಗೆಂದು ಆಚೆ ಕಳಿಸಿದ್ದಳು.

“ಅಣ್ಣ, ಮೈಸೂರಿಗೆ ತಿಳಿಸಿದ್ರಾ?”

“ನಿಂಗೆ ಗೊತ್ತಾ ಬೈರಮ್ಮ, ಮೈಸೂರಿನ ವಿಚಾರ?”

“ಗೊತ್ತಿಲ್ದೆ ಏನು. ಮದ್ವೆ ಆದ್ ವರ್ಷದಿಂದ ಗೊತ್ತು. ನಿದ್ದೇಲೆಲ್ಲ ಅದೇ ಕನವರಿಕೆ. ಇದಾಳಾ ಅವಳು ಇನ್ನೂ?”

ಹಡಗನ್ನು ಅವಳು ಎನ್ನುವುದು ಹಡಗಿನವರ ರೂಢಿ. ಗಂಡ ಎಲ್ಲ ಹೇಳಿಯೇ ಇದ್ದಾನೆ ಎಂದು ಮುನಿಶಾಮಿಗೆ ಮೈ ಹಗುರವಾಯಿತು. “ಇಲ್ಲ ಕಣಮ್ಮ. ಅವಳು ಹೋಗಿ ನಲವತ್ತು ವರ್ಷದ ಹತ್ತಿರ ಬಂತು. ವಯಸ್ಸಾಯ್ತು ಅಂತ ಒಡೆದು, ತೂಕಕ್ಕೆ ಹಾಕ್ಬಿಟ್ರು.”

“ಯಾರನ್ನ?”

ಆಗ ಮುನಿಶಾಮಿಗೆ ಅರ್ಥವಾಯಿತು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಯಾರ ದನಿಯನ್ನೂ ತೆಗೆಯದೆ, ತನ್ನ ಒಣ ದನಿಯಲ್ಲೇ ಎಲ್ಲವನ್ನೂ ಹೇಳಿದ. ಹಡಗು, ಬೆಂಕಿ, ಮುಚ್ಚಳ, ಪಾಯಸ.

“ಅಂಗಾರೆ ಅಲ್ಲಿ ಯಾರೂ ಇರ್ಲಿಲ್ವಾ?”

“ಯಾರೂ ಇರ್ಲಿಲ್ಲ.”

“ದಸರಾಗೆ ಕರ್ಕೊಂಡೋಗು ಅಂತ ವರ್ಷ ವರ್ಷ ಕೇಳ್ದೆ. ಊರೋರೆಲ್ಲ ಬಸ್ ಮಾಡ್ಕೊಂಡು ಓದ್ರು. ಈ ಮನುಷ್ಯ ಅಲ್ಲಾಡ್ಲಿಲ್ಲ. ಅಲ್ಲೊಬ್ಳು ಇದಾಳೆ, ಮಕ್ಕಳಿದಾವೆ, ಎದುರಾಗ್ತಾವೆ ಅಂತ ಎದರ್ತಾನೆ ಅಂದ್ಕೊಂಡೆ.” ಅವಳು ಅಂಗೈ ನೋಡಿಕೊಂಡಳು. “ಉಣ್ಣೋಕಿಕ್ದೆ. ಮಕ್ಕಳನ್ನ ಎತ್ಕೊಟ್ಟೆ. ಒಂದಿನಾನೂ ಎದುರು ಕೂತು ನಗ್ತಾ ಮಾತಾಡ್ಲಿಲ್ಲ ಅಣ್ಣ. ಸೊಂಟ ಮುರ್ಕೊಂಡು ಮಲಗಿದ್ದಾಗ್ಲೂ, ಅವಳೇ ಬಂದು ಮಾಡ್ಲಿ ಅಂದೆ. ಅದಕ್ಕೆ ‘ಯಾರು’ ಅಂತ ಕೇಳ್ದ. ನಾಟಕ ಆಡ್ತಾನೆ ಅಂತ ಎದ್ದೋದೆ.”

ಮುನಿಶಾಮಿ ಎದ್ದು ನಿಂತ. “ಈಗ ಎಲ್ಲರ ಮುಂದೆ ಹೇಳಿಬಿಡ್ತೀನಿ. ಆ ಫ್ಲೆಕ್ಸ್ ಬಿಚ್ಚಿಸ್ತೀನಿ.”

“ಬ್ಯಾಡಿ.”

“ಅವನು ಯುದ್ಧದಲ್ಲಿದ್ದೋನು ಕಣಮ್ಮ.”

“ನಾನು ಎಲ್ಲಿದ್ದೆ?” ಎಂದಳು ಬೈರಮ್ಮ. “ಸೊಸೇರು, ಬೀಗರು, ಎಲ್ಲಾ ಅರಮನೆ ಅಂತ್ಲೇ ಈ ಮನೆಗೆ ಬಂದೋರು. ಇಷ್ಟು ವರ್ಷ ಆದ್ಮೇಲೆ ಅಡಗು ತಂದು ಎಲ್ಲಿ ಇಡ್ಲಿ ಅಣ್ಣ? ಇಡೋಕೆ ಜಾಗ ಇಲ್ಲ. ಸುಮ್ನೆ ಕಳ್ಸಿಕೊಡಿ.”

*

ಚಟ್ಟ ಹೆಗಲಿಗೇರುವ ಮುಂಚೆ ಚನ್ನರಾಯಪ್ಪ ಮಾತಾಡಿದ. ಅರಮನೆಯ ಸಾವಿರ ದೀಪಗಳನ್ನು ಲಕ್ಷ ಮಾಡಿದ, ಲಕ್ಷವನ್ನು ಕೋಟಿ ಮಾಡಿದ. ಕೊನೆಗೆ ಮುನಿಶಾಮಿಯ ಕಡೆ ತಿರುಗಿದ. “ನೀವೂ ಅಲ್ಲೇ ಇದ್ದೋರು. ರಾಜಮರ್ಯಾದೆಯಾಗಿ ಒಂದು ಬಹುಪರಾಕ್ ಹಾಕಿ ಕಳ್ಸಿಕೊಡಿ ಸಾರ್. ನಮ್ಮೂರಿಗೂ ಹೆಸ್ರು.”

ಜನ ಜಾಗ ಬಿಟ್ಟರು. ಮುನಿಶಾಮಿ ಚಟ್ಟದ ಕಾಲ ಬದಿಗೆ ಹೋಗಿ ನಿಂತ. ಮಾತು ಬೇಡ ಎಂದಿದ್ದಾಳೆ, ಸರಿ, ಮಾತಾಡುವುದಿಲ್ಲ. ದೊಡ್ಡ ಅಧಿಕಾರಿಗಳು ಹಡಗು ಹತ್ತುವಾಗ ಇಳಿಯುವಾಗ ಸೀಟಿ ಊದುತ್ತಿದ್ದರು. ಸಣ್ಣಗೆ ಎದ್ದು, ಏರಿ, ನಿಂತು, ಜಾರುವ ಸೀಟಿ. ಬೆಂಕಿ ಕಾಯುವವರಿಗೆ ಯಾರೂ ಎಂದೂ ಊದಿದ್ದಿಲ್ಲ. ಅದನ್ನು ಮುನಿಶಾಮಿ ಬರೀ ಬಾಯಲ್ಲಿ ಎಷ್ಟು ಸರಿಯಾಗಿ ಊದುತ್ತಿದ್ದನೆಂದರೆ, ಒಮ್ಮೆ ಕಾವಲಿನವರು ಮೋಸಹೋಗಿ ಖಾಲಿ ಏಣಿಗೆ ಸೆಲ್ಯೂಟ್ ಹೊಡೆದಿದ್ದರು. ಅದೊಂದನ್ನು ಕೊಟ್ಟು ಕಳಿಸೋಣ ಎಂದುಕೊಂಡ.

ತುಟಿ ಚೂಪು ಮಾಡಿ ಊದಿದ. ಮುಂದಿನ ಹಲ್ಲುಗಳಿರಲಿಲ್ಲ. ಬರೀ ಗಾಳಿ ಬಂತು. ಮತ್ತೆ ಊದಿದ. ಟೈರಿನ ಗಾಳಿ ಇಳಿದಂತಾಯಿತು. ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು.

“ಆ ಪೀಪಿ ಬ್ಯಾಡಿ ತಾತ, ಪರಾಕು” ಎಂದ ನಂದೀಶ್, ಮೆಲ್ಲಗೆ.

ಮುನಿಶಾಮಿ ಕಣ್ಣು ಮುಚ್ಚಿದ. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅವನು ಎಂದೂ ಕೇಳದ ದರ್ಬಾರಿನ, ಎಂದೂ ನೋಡದ ಊಳಿಗದವನ ದನಿ, ಹಲ್ಲಿನ ಹಂಗಿಲ್ಲದೆ ಹೊಟ್ಟೆಯಿಂದ ಎದ್ದು ಬಂತು. ತುಂಬಿದ, ತುಪ್ಪದಂಥ ದನಿ.

“ಅರಮನೆಯ ದೀಪಾಧಿಕಾರಿ, ಶ್ರೀಮಾನ್ ಆಂಜಿನಪ್ಪನವರು ಚಿತ್ತೈಸುತ್ತಿದ್ದಾರೆ. ಬಹುಪರಾಕ್. ಬಹುಪರಾಕ್.”

ಊರಿಗೆ ಊರೇ ಉಸಿರು ಹಿಡಿಯಿತು. ಚನ್ನರಾಯಪ್ಪ ಕೈಮುಗಿದ. ಆ ಮೌನದಲ್ಲಿ ನಗು ಕೇಳಿಸಿತು.

ಬೈರಮ್ಮ ನಗುತ್ತಿದ್ದಳು. ಮೊದಲು ಹೆಗಲು ಕುಲುಕಿತು, ಆಮೇಲೆ ತಲೆಯ ಹೂವು ಕುಲುಕಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿಯಲಿಲ್ಲ. “ತಲೆಗೇರೈತೆ, ನೀರ್ ಕುಡಿಸ್ರೇ” ಎಂದು ದೊಡ್ಡಗಂಗಮ್ಮ ತೋಳು ಹಿಡಿದರೆ, ಅದನ್ನು ಕೊಡವಿ ಮುಂದಕ್ಕೆ ಬಂದಳು.

“ಇನ್ನೊಂದ್ ಸಲ ಅನ್ನಿ ಅಣ್ಣ” ಎಂದಳು.

ಮುನಿಶಾಮಿ ಇನ್ನೊಂದು ಸಲ ಕೂಗಿದ. ಅವಳು ಇನ್ನೂ ಜೋರಾಗಿ, ಗಂಡನ ಮುಖವನ್ನೇ ನೋಡುತ್ತ, ಎದುರು ಕೂತವನೊಂದಿಗೆ ನಗುವ ಹಾಗೆ ನಕ್ಕಳು. ನೆರೆದವರಿಗೆ ಅಳಬೇಕೋ ನಗಬೇಕೋ ತಿಳಿಯದೆ ಕೆಲವರು ಸುಮ್ಮನೆ ಹಲ್ಲು ಕಿರಿದರು. ತಮಟೆಯವನು ಎತ್ತಿದ ಕೋಲನ್ನು ಗಾಳಿಯಲ್ಲೇ ಹಿಡಿದು, ಅವಳು ನಿಲ್ಲಿಸಲಿ ಎಂದು ಕಾಯುತ್ತ ನಿಂತ.